ಬೋರ್‌ವೆಲ್‌ಗೆ ಬ್ಯಾಚ್ ಇದೆ, ಕಚೇರಿ ಕಂಪ್ಯೂಟರಿಗೆ ಯಾಕಿಲ್ಲ?

ಜೂನ್ ತಿಂಗಳು, ಎರಡನೇ ವಾರದ ಗುರುವಾರ. ನಮ್ಮ ಹೋಬಳಿಯ ಒಂದು ಸೇವಾ ಕೇಂದ್ರದ ಮುಂದೆ ಬೆಳಿಗ್ಗೆ ಒಂಬತ್ತೂವರೆಗೇ ಇಪ್ಪತ್ತಕ್ಕೂ ಹೆಚ್ಚು ಜನ ನಿಂತಿದ್ದರು. ಶಾಲೆ, ಕಾಲೇಜು ಶುರುವಾಗುವ ಹೊತ್ತು. ಹಾಗಾಗಿ ಬಹಳ ಜನ ಜಾತಿ, ಆದಾಯ ಪ್ರಮಾಣ ಪತ್ರಕ್ಕೆ ಬಂದವರು. ನಮ್ಮ ತಂಡದ ಒಬ್ಬರು ಪಹಣಿ ತೆಗೆಸಲು ಅದೇ ಸಾಲಿನಲ್ಲಿದ್ದರು. ಬಾಗಿಲು ತೆರೆಯಿತು, ಎರಡೂ ಕಂಪ್ಯೂಟರ್ ಆನ್ ಆದವು. ಎರಡರಲ್ಲೂ ಒಂದೇ ನೀಲಿ ತೆರೆ, ಗುಂಡಗೆ ಸುತ್ತುವ ಚುಕ್ಕಿಗಳು, ಕಂಪ್ಯೂಟರ್ ಆಫ್ ಮಾಡಬೇಡಿ ಎನ್ನುವ ಇಂಗ್ಲಿಷ್ ಸಾಲು. ಶೇಕಡಾ 12. ಅರ್ಧ ಗಂಟೆ ಬಿಟ್ಟು ಇಣುಕಿದರೆ ಶೇಕಡಾ 27.

ಹತ್ತೂಮುಕ್ಕಾಲಿಗೆ ಕರೆಂಟ್ ಹೋಯಿತು. ಯುಪಿಎಸ್ ನಾಲ್ಕು ಸಲ ಕೀಂ ಕೀಂ ಎಂದು ಸುಮ್ಮನಾಯಿತು. ಕರೆಂಟ್ ಬಂದ ಮೇಲೆ ಕಂಪ್ಯೂಟರ್ ಮಾಡಿದ್ದನ್ನೆಲ್ಲ ವಾಪಸ್ ತೆಗೆಯಲು ಶುರು ಮಾಡಿತು. ಮಧ್ಯಾಹ್ನ ಒಂದು ಗಂಟೆಗೆ ಒಂದು ಕಂಪ್ಯೂಟರ್ ಎದ್ದಿತು, ಆದರೆ ಪ್ರಿಂಟರ್ ಕೇಳಲಿಲ್ಲ.

ಆಪರೇಟರ್ ಹುಡುಗ ಸಾಲಿನ ಮುಂದಿದ್ದವರಿಗೆ ಹೇಳಿದ್ದು ಇಷ್ಟೇ: "ಅಪ್‌ಡೇಟ್ ಬಿದ್ದೈತೆ ಅಕ್ಕ, ನನ್ನ ಕೈಲಿ ಏನೂ ಇಲ್ಲ. ನಾಳೆ ಬನ್ನಿ."

"ನಿನ್ನೆ ನೆಟ್ ಸ್ಲೋ ಅಂದೆ, ಇವತ್ತು ಇದು. ನಾಳೆ ಇನ್ನೇನ್ ಹೇಳ್ತೀಯಪ್ಪಾ?" ಅಂದರು ಆ ಅಕ್ಕ. ಕೂಲಿ ಬಿಟ್ಟು ಮಗಳನ್ನು ಕರೆದುಕೊಂಡು ಬಂದಿದ್ದರು. ಹಾಸ್ಟೆಲ್ ಅರ್ಜಿಗೆ ಆದಾಯ ಪತ್ರ ಬೇಕಿತ್ತು. ಎರಡು ದಿನದ ಕೂಲಿ, ಎರಡು ದಿನದ ಬಸ್ ಚಾರ್ಜು ಹೋಯಿತು. ಬೈಯಲು ಎದುರಿಗೆ ಸಿಕ್ಕಿದ್ದು ಆ ಹುಡುಗ ಒಬ್ಬನೇ, ಹಾಗಾಗಿ ಅವನನ್ನೇ ಬೈದರು. ನಾವೂ ಒಳಗೊಳಗೆ ಬೈದೆವು ಅನ್ನುವುದನ್ನು ಮುಚ್ಚಿಡುವುದಿಲ್ಲ.

ಆಮೇಲೆ ಕೂತು ವಿಚಾರಿಸಿದಾಗ ಗೊತ್ತಾಯಿತು, ತಪ್ಪು ಅವನದಲ್ಲ. ತಪ್ಪು ಅಪ್‌ಡೇಟಿನದೂ ಅಲ್ಲ. ಎರಡೂ ಕಂಪ್ಯೂಟರಿಗೆ ಒಂದೇ ದಿನ, ಒಂದೇ ಗಳಿಗೆಯಲ್ಲಿ ಅಪ್‌ಡೇಟ್ ಬೀಳಲು ಬಿಟ್ಟವರದು ತಪ್ಪು. ಅದನ್ನು ತಪ್ಪಿಸಲು ದಾರಿ ಇದೆ. ಆ ದಾರಿಗೆ ಇಪ್ಪತ್ತು ವರ್ಷ ವಯಸ್ಸಾಗಿದೆ. ನಮ್ಮ ಕಚೇರಿಗಳಲ್ಲಿ ಅದರ ಮಾತೇ ಕೇಳುವುದಿಲ್ಲ.

"ಸರ್ವರ್ ಡೌನ್", "ಅಪ್‌ಡೇಟ್ ಆಗ್ತಿದೆ" ಎನ್ನುವ ಮಾತುಗಳನ್ನು ನಾವು ಮಳೆಯ ಮಾತಿನ ಹಾಗೆ ಕೇಳಿಸಿಕೊಳ್ಳುತ್ತೇವೆ. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ, ಯಾರನ್ನು ಕೇಳುವುದು. ಅಪ್‌ಡೇಟ್ ಮಳೆಯಲ್ಲ. ಅದಕ್ಕೆ ದಿನವಿದೆ, ಗಂಟೆಯಿದೆ. ವಿಂಡೋಸ್ ತಯಾರಿಸುವ ಮೈಕ್ರೋಸಾಫ್ಟ್ ಕಂಪನಿ ಪ್ರತಿ ತಿಂಗಳ ಎರಡನೇ ಮಂಗಳವಾರ ಭದ್ರತೆಯ ಅಪ್‌ಡೇಟ್ ಬಿಡುತ್ತದೆ. ಅಮೆರಿಕದಲ್ಲಿ ಆಗ ಬೆಳಿಗ್ಗೆ, ನಮ್ಮಲ್ಲಿ ರಾತ್ರಿ ಹತ್ತೂವರೆ, ಚಳಿಗಾಲದಲ್ಲಾದರೆ ಹನ್ನೊಂದೂವರೆ. ಆ ಹೊತ್ತಿಗೆ ನಮ್ಮ ಕಚೇರಿಗಳ ಕಂಪ್ಯೂಟರ್ ಆಫ್ ಆಗಿರುತ್ತವೆ. ಬುಧವಾರ ಬೆಳಿಗ್ಗೆ ಆನ್ ಆದ ಕೂಡಲೇ ಇರುವ ಬರುವ ನೆಟ್ಟನ್ನೆಲ್ಲ ಎಳೆದುಕೊಂಡು ಡೌನ್‌ಲೋಡ್ ಶುರು. ಸಂಜೆ ಆಫ್ ಮಾಡುವಾಗ ಅರ್ಧ ಕೆಲಸ, ಗುರುವಾರ ಬೆಳಿಗ್ಗೆ ಉಳಿದರ್ಧ. ಆ ಅಕ್ಕನಿಗೆ ಬುಧವಾರ "ನೆಟ್ ಸ್ಲೋ", ಗುರುವಾರ "ಅಪ್‌ಡೇಟ್" ಆಗಿದ್ದು ಹೀಗೆ. ವರ್ಷಕ್ಕೆ ಹನ್ನೆರಡು ಸಲ ಬರುತ್ತದೆಂದು ಮೊದಲೇ ಗೊತ್ತಿರುವ ಸಂಗತಿ ಇದು. ಹಬ್ಬಕ್ಕಿಂತ ಕರಾರುವಾಕ್ಕಾಗಿ ಬರುತ್ತದೆ.

ಹಾಗಾದರೆ ಅಪ್‌ಡೇಟ್ ನಿಲ್ಲಿಸಿಬಿಟ್ಟರಾಯಿತಲ್ಲ? ಬಹಳ ಆಪರೇಟರ್‌ಗಳು ಅದನ್ನೇ ಮಾಡುತ್ತಾರೆ. ಯೂಟ್ಯೂಬ್ ನೋಡಿ ಅಪ್‌ಡೇಟ್ ಬಂದ್ ಮಾಡಿಕೊಂಡ ಕೇಂದ್ರಗಳನ್ನು ನಾವೇ ಕಂಡಿದ್ದೇವೆ. ಜನ ಬೈಯುವುದು ಇವತ್ತು, ವೈರಸ್ ಬರುವುದು ಯಾವತ್ತೋ. ಹಾಗಾಗಿ ಅವರಿಗೆ ಅದು ಸರಿ ಅನ್ನಿಸುತ್ತದೆ. ಆದರೆ ಅಪ್‌ಡೇಟ್ ಎಂದರೆ ಹೊಸ ಬಣ್ಣ ಹೊಸ ಬಟನ್ ಅಷ್ಟೇ ಅಲ್ಲ. ಮುಖ್ಯವಾಗಿ ಅದು ತೇಪೆ. ಸಾಫ್ಟ್‌ವೇರ್‌ನಲ್ಲಿ ತೂತು ಕಂಡಾಗ ಹಾಕುವ ತೇಪೆ. ತೇಪೆ ಬಿಡುಗಡೆಯಾದ ದಿನವೇ ತೂತು ಎಲ್ಲಿದೆ ಎಂದು ಕಳ್ಳರಿಗೂ ಗೊತ್ತಾಗುತ್ತದೆ.

2017ರಲ್ಲಿ ಆಗಿದ್ದು ನೋಡಿ. ವಿಂಡೋಸ್‌ನ ಒಂದು ದೊಡ್ಡ ತೂತಿಗೆ ಮಾರ್ಚ್ 14ರಂದು ತೇಪೆ ಬಂತು. ಮೇ 12ರಂದು, ಅಂದರೆ ಸುಮಾರು ಎರಡು ತಿಂಗಳ ನಂತರ, ಅದೇ ತೂತಿನ ಮೂಲಕ ವನ್ನಾಕ್ರೈ ಎಂಬ ವೈರಸ್ ನುಗ್ಗಿತು. ಕಡತಗಳಿಗೆಲ್ಲ ಬೀಗ ಹಾಕಿ, ಬಿಚ್ಚಬೇಕಾದರೆ 300 ಡಾಲರ್ ಕೊಡಿ ಎಂದಿತು. ಬ್ರಿಟನ್ನಿನಲ್ಲಿ ಇಂಗ್ಲೆಂಡಿನ 236 ಸರ್ಕಾರಿ ಆಸ್ಪತ್ರೆ ಸಂಸ್ಥೆಗಳ ಪೈಕಿ ಕನಿಷ್ಠ 80ಕ್ಕೆ ಪೆಟ್ಟು ಬಿತ್ತು, ಸಾವಿರಾರು ರೋಗಿಗಳ ತಪಾಸಣೆ, ಆಪರೇಷನ್ ರದ್ದಾದವು. ಲಂಡನ್ ದೂರವಾಯಿತು ಅನ್ನುವವರು ಎಚ್.ಡಿ. ಕೋಟೆಯ ಗಡಿ ದಾಟಿ ವಯನಾಡಿಗೆ ಬನ್ನಿ. ಅಲ್ಲಿನ ತರಿಯೋಡು ಗ್ರಾಮ ಪಂಚಾಯಿತಿ ಕಚೇರಿಯ ಕಂಪ್ಯೂಟರ್‌ಗಳಲ್ಲೂ ಸೋಮವಾರ ಬೆಳಿಗ್ಗೆ ಅದೇ ಕೆಂಪು ನೋಟಿಸ್ ಕಂಡಿತ್ತು. ಗ್ರಾಮ ಪಂಚಾಯಿತಿಯಲ್ಲಿ ಕದಿಯಲು ಏನಿದೆ ಎಂದು ಕೇಳುವವರಿಗೆ ಅಲ್ಲೇ ಉತ್ತರ ಸಿಕ್ಕಿದೆ. ವೈರಸ್‌ಗೆ ಪಂಚಾಯಿತಿಯೂ ಒಂದೇ, ಪಟ್ಟಣವೂ ಒಂದೇ.

ಇದು ಒಂದು ಕಡೆ. ಇನ್ನೊಂದು ಕಡೆ 2024ರ ಜುಲೈ 19, ಶುಕ್ರವಾರ. ಬೆಳಿಗ್ಗೆ 9 ಗಂಟೆ 39 ನಿಮಿಷಕ್ಕೆ ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿ ತನ್ನ ಭದ್ರತಾ ಸಾಫ್ಟ್‌ವೇರ್‌ಗೆ ಒಂದು ಸಣ್ಣ ಕಡತ ಕಳಿಸಿತು. ಕಡತದಲ್ಲಿ ದೋಷವಿತ್ತು. ಕಂಪನಿ ಅದನ್ನು ವಾಪಸ್ ಪಡೆದಿದ್ದು 10 ಗಂಟೆ 57 ನಿಮಿಷಕ್ಕೆ. ನಡುವೆ ಇದ್ದದ್ದು 78 ನಿಮಿಷ. ಅಷ್ಟರಲ್ಲಿ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್ ನೀಲಿ ತೆರೆ ತೋರಿಸಿ ಬಿದ್ದುಕೊಂಡವು. ಬೆಂಗಳೂರು ಸೇರಿ ನಮ್ಮ ವಿಮಾನ ನಿಲ್ದಾಣಗಳಲ್ಲಿ ಉದ್ದುದ್ದ ಸಾಲು, ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದು ಕೊಟ್ಟರು. ಬಿದ್ದ ಕಂಪ್ಯೂಟರನ್ನು ದೂರದಿಂದ ಎಬ್ಬಿಸಲು ಬಹಳ ಕಡೆ ಆಗಲಿಲ್ಲ. ಒಂದೊಂದರ ಮುಂದೆಯೂ ಮನುಷ್ಯ ಹೋಗಿ ಕೂತು ಆ ಕಡತ ಅಳಿಸಬೇಕಾಯಿತು.

ಅಂದರೆ ತೇಪೆ ಹಾಕದಿದ್ದರೂ ಕಷ್ಟ, ಎಲ್ಲರಿಗೂ ಒಟ್ಟಿಗೇ ಹಾಕಿದರೂ ಕಷ್ಟ. ಇದರ ನಡುವಿನ ದಾರಿ ಯಾವ ರೈತನಿಗೂ ಹೇಳಿಕೊಡಬೇಕಾಗಿಲ್ಲ. ಹೊಸ ತಳಿಯ ಬೀಜ ಬಂದರೆ ಇಡೀ ಹೊಲಕ್ಕೆ ಬಿತ್ತುತ್ತೇವಾ? ಮೂಲೆಯಲ್ಲಿ ನಾಲ್ಕು ಸಾಲು ಹಾಕಿ ನೋಡುತ್ತೇವೆ. ನಮ್ಮ ಮಣ್ಣಿಗೆ ಒಗ್ಗಿತಾ, ರೋಗ ಬಂತಾ, ತೆನೆ ಕಟ್ಟಿತಾ ಎಂದು ಕಂಡ ಮೇಲೆ ಮುಂದಿನದು. ಕಂಪ್ಯೂಟರ್‌ಗಳನ್ನು ಗುಂಪು ಮಾಡುವುದು ಎಂದರೆ ಇಷ್ಟೇ.

ಕೆಲಸ ಹೇಗೆ ನಡೆಯುತ್ತದೆ ಎಂದು ಬಿಡಿಸಿ ಹೇಳುತ್ತೇವೆ, ಯಾಕೆಂದರೆ ಗೊತ್ತಿಲ್ಲದಿದ್ದರೆ ಕೇಳಲು ಬರುವುದಿಲ್ಲ. ಒಂದು ನೆಟ್‌ವರ್ಕ್‌ನಲ್ಲಿ ನೂರಾರು ಕಂಪ್ಯೂಟರ್ ಇವೆ ಅನ್ನಿ. ಅವುಗಳ ನಡುವೆ ಒಂದು ಸರ್ವರ್ ಇಡುತ್ತಾರೆ. ಮೈಕ್ರೋಸಾಫ್ಟ್‌ನಿಂದ ಅಪ್‌ಡೇಟನ್ನು ಆ ಸರ್ವರ್ ಮಾತ್ರ ಒಂದು ಸಲ ಇಳಿಸಿಕೊಳ್ಳುತ್ತದೆ. ಉಳಿದ ಕಂಪ್ಯೂಟರ್‌ಗಳು ಅದರಿಂದ ಪಡೆಯುತ್ತವೆ. 600 ಎಂಬಿಯ ಅಪ್‌ಡೇಟನ್ನು 40 ಕಂಪ್ಯೂಟರ್ ಬೇರೆಬೇರೆಯಾಗಿ ಇಳಿಸಿಕೊಂಡರೆ 24 ಜಿಬಿ. ಸರ್ವರ್ ಅದೇ ಕಟ್ಟಡದಲ್ಲಿದ್ದರೆ ಹೊರಗಿನಿಂದ ಬರುವುದು ಅದೇ 600 ಎಂಬಿ. ನಮ್ಮ ಕೇಬಲ್ ನೆಟ್ಟಿನಲ್ಲಿ ಇದು ಎಷ್ಟು ದೊಡ್ಡ ವ್ಯತ್ಯಾಸ ಅನ್ನುವುದು ನಿಮಗೇ ಗೊತ್ತು.

ಆ ಸರ್ವರ್‌ನಲ್ಲಿ ಕೂತವರು ಕಂಪ್ಯೂಟರ್‌ಗಳನ್ನು ಗುಂಪುಗಳಾಗಿ ಹಾಕುತ್ತಾರೆ. ಪಟ್ಟಿ ನೋಡಿ ಒಂದೊಂದನ್ನೇ ಗುಂಪಿಗೆ ಎಳೆದು ಹಾಕಬಹುದು, ಇಲ್ಲವೇ ಆಯಾ ಕಂಪ್ಯೂಟರ್ ತನ್ನ ಗುಂಪಿನ ಹೆಸರನ್ನು ತಾನೇ ಹೇಳುವ ಹಾಗೆ ಮಾಡಬಹುದು. ಅಪ್‌ಡೇಟ್ ಬಂದಾಗ ಅದು ತಾನಾಗಿ ಎಲ್ಲರಿಗೂ ಹೋಗಬೇಕಿಲ್ಲ. ಮೊದಲ ಗುಂಪಿಗೆ ಮಾತ್ರ ಅನುಮತಿ. ಐದಾರು ದಿನ ನೋಡಿ, ಪ್ರಿಂಟರ್ ಓಡುತ್ತಿದೆಯಾ, ಹೆಬ್ಬೆಟ್ಟು ಹಿಡಿಯುತ್ತಿದೆಯಾ, ಡಿಜಿಟಲ್ ಸಹಿ ಬೀಳುತ್ತಿದೆಯಾ ಎಂದು ಖಾತ್ರಿಯಾದ ಮೇಲೆ ಎರಡನೇ ಗುಂಪು. ಆಮೇಲೆ ಮೂರನೆಯದು. ಯಾವ ಕಂಪ್ಯೂಟರಿಗೆ ಆಯಿತು, ಯಾವುದಕ್ಕೆ ಆಗಲಿಲ್ಲ, ಯಾವುದು ಎಷ್ಟು ದಿನದಿಂದ ಸುದ್ದಿಯೇ ಇಲ್ಲ ಎಂಬ ಲೆಕ್ಕವೂ ಸರ್ವರ್‌ನಲ್ಲೇ ಸಿಗುತ್ತದೆ. ಡಬ್ಲ್ಯುಎಸ್‌ಯುಎಸ್ ಎಂಬ ಈ ವ್ಯವಸ್ಥೆ 2005ರಿಂದ ಇದೆ. ವಿಂಡೋಸ್ ಸರ್ವರ್ ಕೊಂಡವರಿಗೆ ಅದರ ಜೊತೆಗೇ ಬರುತ್ತದೆ. ಇದಕ್ಕೆ ಇನ್ನು ಹೊಸ ಸೌಲಭ್ಯ ಸೇರಿಸುವುದಿಲ್ಲ ಎಂದು ಕಂಪನಿ 2024ರಲ್ಲಿ ಹೇಳಿದೆ, ಆದರೆ ಅದರ ಜಾಗಕ್ಕೆ ಬಂದಿರುವ ಹೊಸ ವ್ಯವಸ್ಥೆಗಳಲ್ಲೂ ಗುಂಪು ಗುಂಪೇ.

ಈ ಡಬ್ಲ್ಯುಎಸ್‌ಯುಎಸ್‌ನಲ್ಲಿ ಒಂದು ಸಂಗತಿ ನಮ್ಮನ್ನು ತಡೆದು ನಿಲ್ಲಿಸಿತು. ಹೊಸದಾಗಿ ಸರ್ವರ್ ಹಾಕಿದಾಗ ಅದರಲ್ಲಿ ಮೊದಲೇ ಎರಡು ಗುಂಪು ಇರುತ್ತವೆ. ಒಂದು, ಎಲ್ಲಾ ಕಂಪ್ಯೂಟರ್‌ಗಳು. ಇನ್ನೊಂದು, ಯಾವ ಗುಂಪಿಗೂ ಸೇರದ ಕಂಪ್ಯೂಟರ್‌ಗಳು. ಯಾರೂ ಕೂತು ವಿಂಗಡಿಸದಿದ್ದರೆ ಬಂದ ಕಂಪ್ಯೂಟರೆಲ್ಲ ಹೋಗಿ ಬೀಳುವುದು ಆ ಎರಡನೆಯದಕ್ಕೆ. ನಮ್ಮ ಹೋಬಳಿ, ಪಂಚಾಯಿತಿ, ಸೇವಾ ಕೇಂದ್ರಗಳ ಕಂಪ್ಯೂಟರ್‌ಗಳೆಲ್ಲ ಹೀಗೆ ಯಾರಿಗೂ ಸೇರದ ಪಟ್ಟಿಯಲ್ಲಿ ಬಿದ್ದಿವೆಯೇನೋ ಅನ್ನಿಸಿತು. ರಾಜ್ಯದ ಎಲ್ಲಾ ಕಚೇರಿಯಲ್ಲೂ ಹೀಗೇ ಇದೆ ಎಂದು ನಾವು ಆಪಾದಿಸುತ್ತಿಲ್ಲ. ನಾವು ಓಡಾಡಿದ ಕಡೆಗಳಲ್ಲಿ "ನಿಮ್ಮ ಕಂಪ್ಯೂಟರ್ ಯಾವ ಗುಂಪಿನಲ್ಲಿದೆ?" ಎಂದು ಕೇಳಿದಾಗ ಆ ಪ್ರಶ್ನೆಯೇ ಯಾರಿಗೂ ಅರ್ಥವಾಗಲಿಲ್ಲ. ಒಬ್ಬರು "ಎ ಗ್ರೂಪ್ ನೌಕರರಾ?" ಅಂದರು.

ಗುಂಪು ಮಾಡಲು ಸರ್ಕಾರಕ್ಕೆ ಬರುವುದಿಲ್ಲವೇ? ಚೆನ್ನಾಗಿ ಬರುತ್ತದೆ. ನಮ್ಮ ಪಂಪ್‌ಸೆಟ್‌ಗಳಿಗೆ ದಿನಕ್ಕೆ ಏಳು ಗಂಟೆ ತ್ರೀ ಫೇಸ್ ಎಂದು ಲೆಕ್ಕ. ಅದನ್ನು ಫೀಡರ್‌ವಾರು ಬ್ಯಾಚ್ ಮಾಡಿ ಕೊಡುತ್ತಾರೆ. ಈ ವಾರ ಹಗಲು ಬ್ಯಾಚ್, ಮುಂದಿನ ವಾರ ರಾತ್ರಿ ಬ್ಯಾಚ್. ಎಲ್ಲಾ ಮೋಟಾರ್ ಒಟ್ಟಿಗೆ ಆನ್ ಆದರೆ ಟಿಸಿ ಸುಡುತ್ತದೆ ಎಂದು ಅವರಿಗೂ ಗೊತ್ತು, ನಮಗೂ ಗೊತ್ತು. ನಾಲೆ ನೀರಿಗೆ ಸರದಿ ಇದೆ. ನಮಗೆ ಕೊಡುವುದನ್ನು ಹಂಚಿ ಕೊಡಬೇಕಾದಾಗ ಗುಂಪು ಮಾಡಲು ಬರುತ್ತದೆ. ಕಚೇರಿಯ ಕೆಲಸ ನಿಲ್ಲದ ಹಾಗೆ ನೋಡಿಕೊಳ್ಳಬೇಕಾದಾಗ ಮಾತ್ರ ಅದು ಮರೆತುಹೋಗುತ್ತದೆ.

ಗುಂಪು ಮಾಡಿದರಷ್ಟೇ ಸಾಲದು, ಹೇಗೆ ಮಾಡುತ್ತಾರೆ ಅನ್ನುವುದರಲ್ಲಿ ಎಲ್ಲಾ ಇದೆ. ಇದು ಇಂಜಿನಿಯರ್‌ಗಳು ಮಾತ್ರ ತೀರ್ಮಾನಿಸುವ ವಿಷಯವಲ್ಲ ಎಂದು ನಾವು ಹೇಳುವುದು ಇದೇ ಕಾರಣಕ್ಕೆ. ಸುಲಭವಾಗಿ ಹೊಳೆಯುವುದು ತಾಲ್ಲೂಕಿಗೊಂದು ಗುಂಪು. ಪಟ್ಟಿ ಮಾಡಲು ಸಲೀಸು. ಆದರೆ ಅಪ್‌ಡೇಟ್ ಕೆಟ್ಟರೆ ಇಡೀ ತಾಲ್ಲೂಕೇ ನಿಲ್ಲುತ್ತದೆ. ಪಕ್ಕದ ಹೋಬಳಿಗೆ ಹೋದರೂ ಅದೇ ನೀಲಿ ತೆರೆ. ಅದರ ಬದಲು ಕಚೇರಿಯೊಳಗೇ ವಿಂಗಡಿಸಬೇಕು. ಎರಡು ಕಂಪ್ಯೂಟರ್ ಇದ್ದರೆ ಒಂದು ಮೊದಲ ಸರದಿಗೆ, ಇನ್ನೊಂದು ಕೊನೆಯ ಸರದಿಗೆ. ಕೆಟ್ಟರೂ ಒಂದು ಕೌಂಟರ್ ನಡೆಯುತ್ತಿರುತ್ತದೆ, ಸಾಲು ನಿಧಾನವಾದರೂ ಸಾಗುತ್ತದೆ. ಒಂದೇ ಕಂಪ್ಯೂಟರ್ ಇರುವ ಕಡೆ ಯಾವಾಗಲೂ ಕೊನೆಯ ಗುಂಪು. ಅದೂ ಪಕ್ಕದೂರಿನ ಕಚೇರಿಯದು ಸರಿಯಾಗಿ ಎದ್ದಿದೆ ಎಂದು ನೋಡಿದ ಮೇಲೆ.

ಮೊದಲ ಗುಂಪಿನಲ್ಲಿ ಯಾರಿರಬೇಕು? ನಮ್ಮ ತಂಡದಲ್ಲೇ ಇದರ ಬಗ್ಗೆ ಜಗಳವಾಯಿತು. ಹಳ್ಳಿಯವರ ಮೇಲೆ ಪ್ರಯೋಗ ಬೇಡ, ಬೆಂಗಳೂರಿನ ದೊಡ್ಡ ಕಚೇರಿಗಳಲ್ಲಿ ಮೊದಲು ಹಾಕಿ ನೋಡಲಿ ಎಂದರು ಅರ್ಧ ಜನ. ಕೇಳಲು ನ್ಯಾಯವಾಗಿದೆ. ಆದರೆ ಅಲ್ಲಿ ಹೊಸ ಕಂಪ್ಯೂಟರ್, ಒಳ್ಳೆಯ ನೆಟ್, ಕರೆಂಟ್ ಹೋಗುವುದಿಲ್ಲ. ಅಲ್ಲಿ ಪಾಸಾದದ್ದು ಇಲ್ಲಿ ಪಾಸಾಗಬೇಕೆಂದಿಲ್ಲ. 2021ರ ಮಾರ್ಚ್‌ನಲ್ಲಿ ಬಂದ ವಿಂಡೋಸ್ ಅಪ್‌ಡೇಟ್ ಆದ ಮೇಲೆ ಕೆಲವು ಕಂಪನಿಗಳ ಪ್ರಿಂಟರ್‌ಗೆ ಪ್ರಿಂಟ್ ಕೊಟ್ಟ ಕೂಡಲೇ ಕಂಪ್ಯೂಟರ್ ನೀಲಿ ತೆರೆಗೆ ಬೀಳುತ್ತಿತ್ತು. ಆ ಪ್ರಿಂಟರ್ ಇಲ್ಲದವರಿಗೆ ಏನೂ ಆಗಲಿಲ್ಲ. ಪರೀಕ್ಷೆ ಮಾಡುವ ಗುಂಪಿನಲ್ಲಿ ನಮ್ಮ ಹೋಬಳಿಯ ಪ್ರಿಂಟರ್ ಇಲ್ಲದಿದ್ದರೆ ಆ ಪರೀಕ್ಷೆ ನಮ್ಮದಲ್ಲ. ಮೂಲೆಯಲ್ಲಿ ನಾಲ್ಕು ಸಾಲು ಬಿತ್ತಬೇಕು ಸರಿ, ಬಿತ್ತುವುದು ನಮ್ಮ ಮಣ್ಣಿನಲ್ಲಿ ತಾನೇ?

ಕೊನೆಗೆ ನಾವು ಒಪ್ಪಿಕೊಂಡಿದ್ದು ಇದು. ನಮ್ಮ ಕಚೇರಿಗಳಲ್ಲಿರುವಂಥದೇ ಹಳೆಯ ಕಂಪ್ಯೂಟರ್, ಅದೇ ಪ್ರಿಂಟರ್, ಅದೇ ಹೆಬ್ಬೆಟ್ಟಿನ ಯಂತ್ರ, ಅದೇ ಸಹಿ ಹಾಕುವ ಡಾಂಗಲ್ ಇಟ್ಟು ಒಂದು ಸೆಟ್ಟನ್ನು ಜಿಲ್ಲಾ ಕೇಂದ್ರದಲ್ಲಿ, ಕೆಟ್ಟರೆ ರಿಪೇರಿ ಮಾಡಬಲ್ಲವರ ಕೈಗೆಟಕುವ ಕಡೆ ಇಡಬೇಕು. ಅದೇ ಮೊದಲ ಗುಂಪು. ಜನರ ಕೆಲಸ ಅದರಲ್ಲಿ ನಡೆಯಬಾರದು, ಹಾಗಾಗಿ ಯಾರಿಗೂ ನಷ್ಟವಿಲ್ಲ. ಎರಡನೇ ಗುಂಪು ಹೋಬಳಿಗಳಲ್ಲಿ ಎರಡು ಕೌಂಟರ್ ಇರುವ ಕಡೆಯ ಒಂದೊಂದು. ಉಳಿದವು ಮೂರನೆಯದು. ಎಲ್ಲಾ ಸೇರಿ ಎರಡು ವಾರ. ವನ್ನಾಕ್ರೈ ಬಂದದ್ದು ತೇಪೆ ಸಿಕ್ಕ ಎರಡು ತಿಂಗಳಿಗೆ ಅನ್ನುವುದನ್ನು ನೆನಪಿಡಿ. ಎರಡು ವಾರ ತಡೆದು ಹಾಕುವುದಕ್ಕೂ ಹಾಕದೇ ಬಿಡುವುದಕ್ಕೂ ಬಹಳ ಅಂತರವಿದೆ. ಕಳ್ಳರು ಆಗಲೇ ಆ ತೂತಿನಲ್ಲಿ ನುಗ್ಗುತ್ತಿದ್ದಾರೆ ಎನ್ನುವ ತುರ್ತಿನಲ್ಲಿ ಎರಡು ವಾರವನ್ನು ಎರಡು ದಿನಕ್ಕೆ ಇಳಿಸಲಿ, ಆಗಲೂ ಸರದಿ ಬಿಡಬಾರದು.

ಹಳೆಯ ಕಂಪ್ಯೂಟರ್ ಎಂದಾಗ ಒಂದು ಮಾತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಬಹಳ ಹಳೆಯ ಯಂತ್ರಗಳು ವಿಂಡೋಸ್ 11ಕ್ಕೆ ಅರ್ಹವಲ್ಲ. ಅಂಥವು ಎಷ್ಟಿವೆ, ಎಲ್ಲೆಲ್ಲಿವೆ ಎಂದು ತಿಳಿಯಬೇಕಾದರೂ ಮೊದಲು ವಿಂಗಡಿಸಿದ ಪಟ್ಟಿ ಬೇಕು. ಪಟ್ಟಿಯೇ ಇಲ್ಲದಿದ್ದರೆ ಬಜೆಟ್‌ನಲ್ಲಿ ಕೇಳುವುದು ಏನನ್ನು?

ಇದಕ್ಕೆ ಬರುವ ಉತ್ತರಗಳೂ ನಮಗೆ ಗೊತ್ತು. "ಇದು ಟೆಕ್ನಿಕಲ್ ವಿಷಯ, ಜನರಿಗೆ ಅರ್ಥವಾಗುವುದಿಲ್ಲ." ಸಿಂಗಲ್ ಫೇಸ್, ತ್ರೀ ಫೇಸ್, ಸ್ಟಾರ್ಟರ್, ಕೆಪಾಸಿಟರ್, ಡ್ರಿಪ್ ಫಿಲ್ಟರ್ ಎಲ್ಲಾ ಅರ್ಥವಾಗುವ ಜನರಿಗೆ ಸರದಿ ಅರ್ಥವಾಗುವುದಿಲ್ಲವೇ? "ಸಿಬ್ಬಂದಿ ಇಲ್ಲ." ಗುಂಪು ಮಾಡುವುದು ಒಂದು ಸಲದ ಕೆಲಸ, ಆಮೇಲೆ ತಿಂಗಳಿಗೆ ಕೆಲವು ಗಂಟೆ. ಬಿದ್ದ ಕಂಪ್ಯೂಟರ್ ಎಬ್ಬಿಸಲು ಹೋಬಳಿ ಹೋಬಳಿಗೆ ಓಡಾಡುವುದಕ್ಕೆ ಇದಕ್ಕಿಂತ ಹೆಚ್ಚು ಜನ ಬೇಕು. "ಎಲ್ಲಾ ಕ್ಲೌಡ್‌ನಲ್ಲಿದೆ, ನಮ್ಮ ಕೈಯಲ್ಲಿಲ್ಲ." ಇದರಲ್ಲಿ ಸ್ವಲ್ಪ ಸತ್ಯವಿದೆ, ಒಪ್ಪುತ್ತೇವೆ. ಕ್ರೌಡ್‌ಸ್ಟ್ರೈಕ್ ವಿಷಯದಲ್ಲಿ ಜಾಣರಾದ ಗ್ರಾಹಕರು ಸಾಫ್ಟ್‌ವೇರ್‌ನ ಹೊಸ ಆವೃತ್ತಿಗಳಿಗೆ ಗುಂಪು ಮಾಡಿಯೇ ಇಟ್ಟಿದ್ದರು. ಆದರೆ ಅವತ್ತು ಬಂದ ಕಡತ ಬೇರೆ ಜಾತಿಯದು, ಗುಂಪಿನ ಬೇಲಿ ಹಾರಿ ಎಲ್ಲರಿಗೂ ಒಟ್ಟಿಗೆ ಹೋಯಿತು. ಆಮೇಲೆ ಕಂಪನಿಯೇ ಅಂಥ ಕಡತಗಳನ್ನೂ ಹಂತ ಹಂತವಾಗಿ ಬಿಡುತ್ತೇನೆ, ಯಾವಾಗ ಎಲ್ಲಿಗೆ ಎಂಬ ಹಿಡಿತವನ್ನು ಗ್ರಾಹಕರಿಗೂ ಕೊಡುತ್ತೇನೆ ಎಂದಿತು. ಅಷ್ಟು ದೊಡ್ಡ ಪೆಟ್ಟು ಬಿದ್ದ ಮೇಲೆ ಅದು ಬಂತು. ಟೆಂಡರ್ ಕರೆಯುವಾಗ ನಮ್ಮ ಸರ್ಕಾರವೂ ಅದನ್ನೇ ಷರತ್ತಾಗಿ ಬರೆಯಬಹುದು.

ನಮಗೆ ಹೆಚ್ಚು ಸಿಟ್ಟು ಬರುವುದು ಇನ್ನೊಂದು ವಿಷಯಕ್ಕೆ. ನಮ್ಮಲ್ಲಿ ಸಕಾಲ ಕಾಯ್ದೆ ಇದೆ. ಇಷ್ಟು ದಿನದಲ್ಲಿ ಸೇವೆ ಕೊಡಬೇಕು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರ. ಆದರೆ ಆ ಗಡಿಯಾರ ಶುರುವಾಗುವುದು ಅರ್ಜಿ ಸ್ವೀಕಾರವಾಗಿ ಸಕಾಲ ಸಂಖ್ಯೆ ಬಂದ ಮೇಲೆ. ಕಂಪ್ಯೂಟರ್ ನೀಲಿ ತೆರೆ ತೋರಿಸುತ್ತಿದ್ದರೆ ಅರ್ಜಿಯೂ ಇಲ್ಲ, ಸಂಖ್ಯೆಯೂ ಇಲ್ಲ, ಗಡಿಯಾರವೂ ಇಲ್ಲ. ಆ ಅಕ್ಕ ಕಳೆದುಕೊಂಡ ಎರಡು ದಿನ ಸರ್ಕಾರದ ಯಾವ ವರದಿಯಲ್ಲೂ ತಡ ಎಂದು ಕಾಣುವುದಿಲ್ಲ. ಕಾಗದದಲ್ಲಿ ಆ ಗುರುವಾರ ಎಲ್ಲಾ ಸಕಾಲಕ್ಕೇ ನಡೆದಿದೆ.

ಸರ್ಕಾರ ಮಾಡುವವರೆಗೆ ಕೈ ಕಟ್ಟಿ ಕೂರಬೇಕಿಲ್ಲ. ಸ್ವಂತ ಕಂಪ್ಯೂಟರ್ ಇಟ್ಟುಕೊಂಡು ಕೇಂದ್ರ ನಡೆಸುವ ತಮ್ಮಂದಿರು, ತಂಗಿಯರು ಇದನ್ನು ಓದುತ್ತಿದ್ದರೆ ಕೇಳಿ. ಸರ್ವರ್ ಬೇಡ, ಒಂದು ನೋಟ್‌ಬುಕ್ ಸಾಕು. ಎರಡು ಕಂಪ್ಯೂಟರ್ ಇದ್ದರೆ ಒಂದಕ್ಕೆ 1, ಇನ್ನೊಂದಕ್ಕೆ 2 ಎಂದು ಚೀಟಿ ಅಂಟಿಸಿ. ವಿಂಡೋಸ್ ಅಪ್‌ಡೇಟ್ ಸೆಟ್ಟಿಂಗ್‌ನಲ್ಲಿ ಕೆಲವು ವಾರಗಳ ಮಟ್ಟಿಗೆ ಅಪ್‌ಡೇಟ್ ತಡೆಹಿಡಿಯುವ ಬಟನ್ ಇದೆ. ಎರಡನೇ ಮಂಗಳವಾರಕ್ಕೆ ಮೊದಲು 2ನೇ ಕಂಪ್ಯೂಟರನ್ನು ಒಂದು ವಾರ ತಡೆಹಿಡಿಯಿರಿ. 1ನೆಯದಕ್ಕೆ ಶನಿವಾರ ಸಂಜೆ ಕೆಲಸ ಮುಗಿದ ಮೇಲೆ, ಕರೆಂಟ್ ಇರುವ ಹೊತ್ತು ನೋಡಿ ಅಪ್‌ಡೇಟ್ ಹಾಕಿ, ಪ್ರಿಂಟ್ ತೆಗೆದು, ಹೆಬ್ಬೆಟ್ಟು ಇಟ್ಟು ನೋಡಿ. ಸರಿಯಿದ್ದರೆ ಮುಂದಿನ ವಾರ 2ನೆಯದು. ಕೆಲಸದ ಸಮಯ ಯಾವುದೆಂದು ಅದೇ ಸೆಟ್ಟಿಂಗ್‌ನಲ್ಲಿ ಹಾಕಿದರೆ ಆ ಗಂಟೆಗಳಲ್ಲಿ ಅದು ತಾನಾಗಿ ರೀಸ್ಟಾರ್ಟ್ ಆಗುವುದಿಲ್ಲ. ಒಂದು ಕಂಪ್ಯೂಟರ್ ಇಳಿಸಿಕೊಂಡದ್ದನ್ನು ಅದೇ ನೆಟ್‌ವರ್ಕ್‌ನ ಇನ್ನೊಂದಕ್ಕೆ ಹಂಚುವ ಸೌಲಭ್ಯವೂ ಅಲ್ಲೇ ಇದೆ, ಆನ್ ಮಾಡಿಕೊಳ್ಳಿ, ಡೇಟಾ ಉಳಿಯುತ್ತದೆ. ಯೂಟ್ಯೂಬ್ ನೋಡಿ ಅಪ್‌ಡೇಟ್ ಪೂರ್ತಿ ಬಂದ್ ಮಾಡಿದ್ದರೆ ದಯವಿಟ್ಟು ಇವತ್ತೇ ತೆಗೆಯಿರಿ. ನಿಮ್ಮ ಕಂಪ್ಯೂಟರ್‌ನಲ್ಲಿರುವುದು ನಮ್ಮೆಲ್ಲರ ಆಧಾರ್, ನಮ್ಮ ಪಾಸ್‌ಬುಕ್.

ಆ ಆಪರೇಟರ್ ಹುಡುಗ ಜುಲೈಯಿಂದ ಹೀಗೇ ಮಾಡುತ್ತಿದ್ದಾನೆ. ಅವನಿಗೆ ಯಾರೂ ಆದೇಶ ಕೊಟ್ಟಿಲ್ಲ, ಸಂಬಳವೂ ಹೆಚ್ಚಾಗಿಲ್ಲ. ಒಬ್ಬ ಹುಡುಗ ಎರಡು ಚೀಟಿ ಅಂಟಿಸಿ ಮಾಡಿದ್ದನ್ನು ಇಡೀ ಜಿಲ್ಲೆಗೆ ಮಾಡಲು ಆಗುವುದಿಲ್ಲ ಎನ್ನುವವರ ಬಾಯಿಂದ ಕಾರಣವನ್ನು ಬರಹದಲ್ಲಿ ಕೇಳಬೇಕೆಂದು ನಾವು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದ್ದೇವೆ. 10 ರೂಪಾಯಿ ಶುಲ್ಕ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವಂತಿಲ್ಲ, ಅದಕ್ಕೆ ಚುಟುಕಾಗಿ ಕೇಳಿದ್ದೇವೆ. ಯಾವ ಆ್ಯಂಟಿವೈರಸ್, ಯಾವ ಪಾಸ್‌ವರ್ಡ್ ಎಂದೆಲ್ಲ ಕೇಳಿದರೆ ಭದ್ರತೆಯ ಕಾರಣ ಕೊಟ್ಟು ತಳ್ಳಿಹಾಕುತ್ತಾರೆ, ಅದನ್ನು ಕೇಳಬೇಡಿ. ನೀವೂ ನಿಮ್ಮ ತಾಲ್ಲೂಕಿಗೆ ಹಾಕುವುದಾದರೆ ಇದನ್ನೇ ನಕಲು ಮಾಡಿಕೊಳ್ಳಿ:

"ತಾಲ್ಲೂಕಿನ ಹೋಬಳಿ ಮಟ್ಟದ ಕಚೇರಿಗಳಲ್ಲಿ ಸಾರ್ವಜನಿಕ ಸೇವೆಗೆ ಬಳಸುವ ಕಂಪ್ಯೂಟರ್‌ಗಳ ಒಟ್ಟು ಸಂಖ್ಯೆ ಎಷ್ಟು? ಇವುಗಳನ್ನು ಸಾಫ್ಟ್‌ವೇರ್ ಅಪ್‌ಡೇಟ್‌ಗಾಗಿ ಗುಂಪುಗಳಾಗಿ ವಿಂಗಡಿಸಲಾಗಿದೆಯೇ? ಹೌದಾದರೆ ಎಷ್ಟು ಗುಂಪು, ಪ್ರತಿ ಗುಂಪಿನಲ್ಲಿ ಎಷ್ಟು ಕಂಪ್ಯೂಟರ್? ಅಪ್‌ಡೇಟ್‌ಗೆ ಅನುಮತಿ ನೀಡುವ ಅಧಿಕಾರಿಯ ಹುದ್ದೆ ಯಾವುದು? ಈ ಬಗ್ಗೆ ಹೊರಡಿಸಿರುವ ಸುತ್ತೋಲೆಯ ಪ್ರತಿ ಕೊಡಿ. ಕಳೆದ ಹನ್ನೆರಡು ತಿಂಗಳಲ್ಲಿ ಅಪ್‌ಡೇಟ್ ಕಾರಣಕ್ಕೆ ಸೇವೆ ಸ್ಥಗಿತಗೊಂಡ ದಿನಗಳ ದಾಖಲೆ ಇದ್ದರೆ ಅದರ ಪ್ರತಿ ಕೊಡಿ."

ಉತ್ತರಕ್ಕೆ 30 ದಿನ. ಬಂದ ಕಾಗದವನ್ನು ಹಾಗೇ ಫೋಟೋ ತೆಗೆದು ಇಲ್ಲಿ ಹಾಕುತ್ತೇವೆ. ಬರದಿದ್ದರೆ ಮೇಲ್ಮನವಿಯ ಪ್ರತಿ ಹಾಕುತ್ತೇವೆ. ಅಷ್ಟರೊಳಗೆ ಇನ್ನೊಂದು ಎರಡನೇ ಮಂಗಳವಾರ ಬರುತ್ತದೆ. ಮರುದಿನ ಬುಧವಾರ, ಅದರ ಮರುದಿನ ಗುರುವಾರ ನಿಮ್ಮೂರ ಕೌಂಟರ್‌ನಲ್ಲಿ ಏನಾಯಿತು, ಎಷ್ಟು ಹೊತ್ತು ನಿಂತಿರಿ, ಎಷ್ಟು ಕಂಪ್ಯೂಟರ್ ನಡೆಯುತ್ತಿದ್ದವು ಎಂದು ನಮಗೆ ಬರೆದು ಕಳಿಸಿ. ಆಪರೇಟರ್ ಹೆಸರು ಬೇಡ.